ಹಿತ್ತಲು: ಐದನೆಯ ಆವೃತ್ತಿ

ಪುಷ್ಯದ ಚಳಿ ಇನ್ನೂ ಕರಿನೆಲದ ಬಿರುಕುಗಳಿಂದ ಎದ್ದು ಹೋಗಿರಲಿಲ್ಲ. ಯರೆಗೊಪ್ಪದ ಮೂಡಲ ಹೊಲಗಳಲ್ಲಿ ಮೆಣಸಿನಕಾಯಿ ಬಿಡಿಸುವ ಎರಡನೆಯ ಸುತ್ತು ನಡೆದಿತ್ತು. ಮಂಜಿಗೆ ನೆನೆದ ಕಾಯಿ ನಸುಕಿನಲ್ಲಿ ತೊಗಲಿನಂತೆ ಬಾಗುತ್ತದೆ, ತೊಟ್ಟು ಬಿಡುವುದಿಲ್ಲ. ಬಿಸಿಲೇರಿದ ಮೇಲೆ ಮುಟ್ಟಿದರೆ ಸಾಕು ಕಳಚಿ ಬರುತ್ತದೆ, ಆದರೆ ಘಾಟು ಮೂಗಿಗೆ ಹತ್ತಿ ಕೆಲಸ ಕೆಡುತ್ತದೆ. ಇವೆರಡರ ನಡುವೆ ಸಿಗುವ ಮೂರು ತಾಸಿನಲ್ಲಿ ಹೆಚ್ಚಿನ ಕೆಲಸ ಮುಗಿಯಬೇಕು.

ನೀಲಗಂಗವ್ವ ಮೂಗಿಗೆ ಸೆರಗು ಬಿಗಿದು ಸಾಲಿನಲ್ಲಿ ಬಗ್ಗಿದ್ದಳು. ಐವತ್ತೇಳು ವರ್ಷದ ಗಟ್ಟಿ ಹೆಂಗಸು. ಬಗ್ಗಿದರೆ ಸಾಲು ಮುಗಿಯುವ ತನಕ ಸೊಂಟ ನೆಟ್ಟಗೆ ಮಾಡುವವಳಲ್ಲ. ಅಕ್ಕಪಕ್ಕದ ಸಾಲುಗಳಲ್ಲಿ ಟೆಂಪೊ ಹತ್ತಿ ಬಂದ ಪರವೂರಿನ ಹೆಂಗಸರು ಇದ್ದರು. ಅವರ ಕೈ ಬಹಳ ಚುರುಕು. ಕಾಯಿಯ ಜೊತೆಗೆ ಟೊಂಗೆಯೂ ಬುಟ್ಟಿಗೆ ಬೀಳುತ್ತಿತ್ತು.

“ಯವ್ವಾ, ಟೊಂಗಿ ಮುರೀಬ್ಯಾಡ್ರಿ. ಇನ್ನೊಂದ ಸರ್ತಿ ಕಾಯಿ ಬರೂದೈತಿ.”

“ಟೆಂಪೊ ಹನ್ನೆರಡಕ್ಕ ಹೊಂಡತೈತಿ ಆಯೀ. ಟೊಂಗಿ ಮಾರಿ ನೋಡ್ಕೋತ ಕುಂತ್ರ ನಮ್ಮನ್ನ ಬಿಟ್ಟ ಹೋಗ್ತಾನಂವ.”

ನಾಲ್ಕು ವರ್ಷದ ಹಿಂದೆ ಯರೆಗೊಪ್ಪದಲ್ಲಿ ಟೆಂಪೊದ ಆಳು ಯಾರಿಗೂ ಬೇಕಾಗಿರಲಿಲ್ಲ. ಮುಯ್ಯಿಯ ಮೇಲೆ ಕೆಲಸ ನಡೆಯುತ್ತಿತ್ತು. ಇವತ್ತು ನೀನು ನನ್ನ ಹೊಲಕ್ಕೆ, ನಾಳೆ ನಾನು ನಿನ್ನ ಹೊಲಕ್ಕೆ. ಕೂಲಿಯ ಮಾತಿಲ್ಲ, ದಿನಕ್ಕೆ ದಿನ. ಬದುವಿನ ಆಚೆಯ ಮೂರೆಕರೆ ಪಾರವ್ವನದು. ಆಕೆಯೂ ನೀಲಗಂಗವ್ವನೂ ಒಂದೇ ವರ್ಷ ಈ ಊರಿಗೆ ಸೊಸೆಯರಾಗಿ ಬಂದವರು. ನೀಲಗಂಗವ್ವನಿಗೆ ವಿಷಮಜ್ವರ ಬಂದ ವರ್ಷ ಹನ್ನೊಂದು ದಿನ ಒಬ್ಬಳೇ ನಿಂತು ಈ ಹೊಲದ ಕಳೆ ತೆಗೆದವಳು ಪಾರವ್ವ. ಗಂಡ ಸತ್ತ ಮೇಲೂ ಆಕೆ ಹೊಲ ಬಿಟ್ಟಿರಲಿಲ್ಲ. ಈಗ ಮೂರೆಕರೆಯಲ್ಲಿ ಒಬ್ಬಳೇ ಕಾಣುತ್ತಿದ್ದಳು. ಸಣ್ಣ ಹೊಲವೆಂದು ಟೆಂಪೊದವರು ಅತ್ತ ಹಾಯುತ್ತಿರಲಿಲ್ಲ. ಅರ್ಧಕ್ಕರ್ಧ ಕಾಯಿ ಗಿಡದಲ್ಲೇ ಬೆಳ್ಳಗಾಗಿತ್ತು. ಇಬ್ಬರೂ ಮಾತು ಬಿಟ್ಟು ನಾಲ್ಕು ವರ್ಷವಾಗಿತ್ತು.

ಹತ್ತು ಗಂಟೆಯ ಹೊತ್ತಿಗೆ ಸೊಸೆ ಕಮಲಾಕ್ಷಿ ರೊಟ್ಟಿಯ ಗಂಟು ಹೊತ್ತು ಬಂದಳು. ಬುತ್ತಿಗಿಂತ ಮೊದಲು ಸುದ್ದಿ ಬಿಚ್ಚುವುದು ಅವಳ ಪದ್ಧತಿ.

“ಅತ್ತಿ, ಪಾರತ್ತಿ ಬರೂ ವರ್ಷಕ್ಕ ಹೊಲಾ ಬ್ಯಾರೆಯವ್ರಿಗೆ ಲಾವಣಿಗೆ ಕೊಟ್ಲಂತ. ಸಂಕ್ರಮಣದ ದಿನ ಟ್ರ್ಯಾಕ್ಟರ್ ಹೇಳ್ಯಾಳಂತ. ಸಾಮಾನ ಹೇರಕೊಂಡು ಅಣ್ಣಿಗೇರಿಗೆ, ತಂಗಿ ಮನಿಗೆ.”

ನೀಲಗಂಗವ್ವ ರೊಟ್ಟಿ ಮುರಿದಳು. ಬಾಯಿಗೆ ಹಾಕಲಿಲ್ಲ.

“ಇನ್ನೊಂದ ಮಜಾ ಕೇಳ್ರಿ,” ಕಮಲಾಕ್ಷಿ ಕೆಳದನಿಯಲ್ಲಿ ಹೇಳಿದಳು. “ಅದ ದಿನ ‘ಹಿತ್ತಲು’ ಆಟದ ಐದನೇದು ಬಿಡುಗಡಿ. ಅದರಾಗ ಹೊಸಾದು ಏನ ಗೊತ್ತೇನ್ರಿ? ಪುಟ್ಟವ್ವ ಊರು ಬಿಡ್ತಾಳ. ಜಾಹೀರಾತಿನ್ಯಾಗ ಕೊಡಾ, ಒಳ್ಳು, ಹಾಸಿಗಿ ಸುರುಳಿ ಎಲ್ಲಾ ಟ್ರ್ಯಾಕ್ಟರಿಗೆ ಏರಸಾಕತ್ತಾಳ.”

“ಪುಟ್ಟವ್ವ ಅಂದ್ರ?”

“ನಡಗಿ ನೋಡಿದ್ರ ಪಾರತ್ತೀನ. ಎಡಗಾಲ ಒಂದೀಟ ಎಳದ ಹಾಕ್ತಾಳ.”

*

‘ಹಿತ್ತಲು’ ಹುಬ್ಬಳ್ಳಿಯಲ್ಲಿ ಹುಟ್ಟಿದ, ಫೋನಿನಲ್ಲಿ ಆಡುವ ಆಟ. ಅದರಲ್ಲಿ ಕೊಲ್ಲುವುದಿಲ್ಲ, ಓಡುವುದಿಲ್ಲ, ಸೋಲುವುದೂ ಇಲ್ಲ. ಒಂದು ಸಣ್ಣ ಊರು. ಆಡುವವರಿಗೆ ಅಲ್ಲೊಂದು ಮನೆ, ಮನೆಯ ಹಿಂದೆ ಹಿತ್ತಲು. ಬದನೆ ಹಾಕಬೇಕು, ಕೋಳಿಗೆ ನುಚ್ಚು ಚೆಲ್ಲಬೇಕು, ನೆರೆಯವರಿಗೆ ಏನಾದರೂ ಒಯ್ದು ಕೊಡಬೇಕು. ಕೊಟ್ಟಷ್ಟೂ ಅವರ ತಲೆಯ ಮೇಲೆ ಒಂದೊಂದು ಕೆಂಪು ಹೃದಯ ತುಂಬುತ್ತದೆ. ಹತ್ತಾರು ಅಂತಸ್ತಿನ ಕಟ್ಟಡಗಳಲ್ಲಿ ಇರುವ ಲಕ್ಷಾಂತರ ಜನ, ಎಂದೂ ಸೆಗಣಿ ಮುಟ್ಟದವರು, ದಿನಕ್ಕೆ ಎರಡು ತಾಸು ಆ ಊರಿನಲ್ಲಿ ಇರುತ್ತಿದ್ದರು.

ಆ ಊರಿನ ನಡೆ ನುಡಿ ಯರೆಗೊಪ್ಪದ್ದು ಎಂಬುದು ಗುಟ್ಟೇನೂ ಆಗಿರಲಿಲ್ಲ. ಕಂಪನಿಯವರು ಊರಿಗೆ ಕುಡಿಯುವ ನೀರಿನ ಘಟಕ ಹಾಕಿಕೊಟ್ಟಿದ್ದರು. ಬದಲಿಗೆ ಪ್ರತಿ ಮನೆಯ ಪಡಸಾಲೆಯಲ್ಲಿ ಮಣ್ಣಿನ ಬಣ್ಣದ ಒಂದು ಪೆಟ್ಟಿಗೆ. ಅದಕ್ಕೆ ಗೂಡು ಎಂದು ಹೆಸರು. ಹೆಂಗಸರ ಎಲೆಸಂಚಿಯಲ್ಲಿ ಒಂದೊಂದು ಮಣಿ. ಯಾರು ಯಾರ ಹೊಲದಲ್ಲಿ ಎಷ್ಟು ಹೊತ್ತು ಇದ್ದರೆಂದು ಮಣಿ ಗೂಡಿಗೆ ತಿಳಿಸುತ್ತದೆ. ಗೂಡು ಬೆಳಿಗ್ಗೆ ಹಿತವಾದ ದನಿಯಲ್ಲಿ, “ಇವತ್ತು ಬಸಲಿಂಗವ್ವನ ಹೊಲಕ್ಕೆ ನಿಮ್ಮ ಮುಯ್ಯಿ ಇದೆ” ಎಂದು ನೆನಪಿಸುತ್ತದೆ. ಮಳೆಯ ಸೂಚನೆಯನ್ನೂ ಹೇಳುತ್ತದೆ. ಜನ ಅದಕ್ಕೆ ಬೇಗ ಒಗ್ಗಿದ್ದರು. “ಗೂಡವ್ವಾ, ದ್ಯಾಮವ್ವಗ ನಾಳೆ ಬರಾಂಗಿಲ್ಲಂತ ಹೇಳ” ಎಂದರೆ ಅಲ್ಲಿಯ ಗೂಡು ದ್ಯಾಮವ್ವನಿಗೆ ಮುಟ್ಟಿಸುತ್ತಿತ್ತು.

ಮಧ್ಯಾಹ್ನ ಕಣದಲ್ಲಿ ಕಾಯಿ ಹರವಿ ಬಂದು ನೀಲಗಂಗವ್ವ ಕಟ್ಟೆಯ ಮೇಲೆ ಕೂತಳು. ಪಡಸಾಲೆಯ ಗೂಡಿನ ಮೇಲೆ ಒಂದು ಬೋಗುಣಿ ಕವುಚಿ ಹಾಕಿ ಬಂದಿದ್ದಳು.

“ಅದೇನ ಮಾಡೀರಿ ಅತ್ತಿ?”

“ಇರ್ಲಿ ಬಿಡು. ಆ ಆಟದ ಇಷ್ಟೂ ಬಿಡುಗಡಿ ಯಾವಾಗ್ಯಾವಾಗ ಆಗ್ಯಾವು, ಓದು ನೋಡೂಣು.”

ಕಮಲಾಕ್ಷಿ ನಗುತ್ತ ಫೋನು ತೆಗೆದಳು. ಮೊದಲನೆಯದು ಒಂಬತ್ತು ವರ್ಷದ ಹಿಂದೆ, ದೀಪಾವಳಿಗೆ. ಎಂಟು ಮನೆ, ಒಂದು ಬಾವಿ, ಕೋಳಿ. ಎರಡನೆಯದು ಮತ್ತೆ ಎರಡು ವರ್ಷಕ್ಕೆ. ಮಳೆ ಬಂತು, ಹಬ್ಬಗಳು ಬಂದವು, ಊರಿನ ಹೆಂಗಸರ ದನಿ ಬಂತು.

“ಅದರಾಗ ‘ಏ ಬಾರವಾ’ ಅನ್ನೂದು ನಿಮ್ಮ ದನೀನ, ಗೊತ್ತೈತಿಲ್ರಿ?”

“ಗೊತ್ತೈತಿ. ಮೂರನೇದು?”

“ಸಂಕ್ರಮಣಕ್ಕ, ನಾಕ ವರ್ಷದ ಹಿಂದ. ನೆರಿಯಾವ್ರಿಗೆ ನೆನಪು ಬಂತು. ನೀವು ಮಾಡಿದ್ದನ್ನ ಅವರು ಮರಿಯೂದಿಲ್ಲ. ನಾಕನೇದು ಎರಡ ವರ್ಷದ ಹಿಂದ, ಯುಗಾದಿಗೆ. ಅದರಾಗ ಹೊಸಾದು ‘ಮುನಿಸು’. ಇಬ್ಬರು ನೆರಿಯಾವ್ರು ಸುಮ್ಮನ ಮಾತ ಬಿಡ್ತಾರ. ಯಾಕಂತ ಹೇಳೂದಿಲ್ಲ. ನಾವು ಅವರ್ನ ಕೂಡಸಬೇಕು. ಭಾಳ ಚಲೋ ಐತಿ ಬಿಡ್ರಿ, ಅಳು ಬರ್ತೈತಿ.”

ನೀಲಗಂಗವ್ವನಿಗೆ ತಾರೀಖು ಬೇಕಾಗಿರಲಿಲ್ಲ. ನಾಲ್ಕು ವರ್ಷದ ಹಿಂದಿನ ಸಂಕ್ರಮಣದ ಮಾರನೆಯ ದಿನ ಮುಂಜಾನೆ ಇದೇ ಗೂಡು ಹೇಳಿತ್ತು: “ಪಾರವ್ವ ಮತ್ತು ನಿಮ್ಮ ನಡುವಿನ ಮುಯ್ಯಿ ಚುಕ್ತಾ ಆಗಿದೆ.” ಕಸ ಗುಡಿಸುತ್ತಿದ್ದವಳು ಕಸಬರಿಗೆಯನ್ನು ಅಲ್ಲೇ ಬಿಟ್ಟು ಕೂತಿದ್ದಳು.

“ಶ್ರಾವಣದಾಗ ಏನರ ಬಂದಿತ್ತೇನ? ಮೂರನೇದು ಬಂದ ವರ್ಷ?”

ಕಮಲಾಕ್ಷಿ ಬೆರಳು ಸರಿಸಿದಳು. “ಸಣ್ಣ ತಿದ್ದುಪಡಿ ಒಂದ ಐತ್ರಿ. ಆಗಸ್ಟಿನ್ಯಾಗ. ಯಾಕ?”

“ಬಸಲಿಂಗವ್ವ, ದ್ಯಾಮವ್ವ ಆ ಶ್ರಾವಣದಾಗ ಮಾತ ಬಿಟ್ಟರು. ಯುಗಾದಿಗೆ ಮ್ಯಾಗಿನ ಓಣಿ ಮೂರ ಮನಿಯಾವ್ರು ಬಿಟ್ಟರು.” ಅವಳು ಬೆರಳು ಮಡಿಸುತ್ತಿದ್ದಳು. “ಮೊದಲ ನಾವು ಜಗಳಾಡೂದು, ಆಮ್ಯಾಲ ಅವರ ಆಟದಾಗ ಜಗಳ ಬರೂದು. ಈಗ ಊರ ಬಿಡೂದು ಬಂದೈತಿ. ಪಾರಿ ಹೋಗ್ತಾಳಂತ ನಮಗ ಗೊತ್ತಾಗೂಕಿಂತ ಮೊದಲ ಅವರಿಗೆ ಹ್ಯಾಂಗ ಗೊತ್ತಾತು?”

ಕಮಲಾಕ್ಷಿಯ ನಗು ಇಳಿಯಿತು. “ಗೂಡು ಕೇಳಿರತೈತಿ. ಆಕಿ ತಂಗೀ ಜೋಡಿ ಮಾತಾಡಿದ್ದ.”

“ಕೇಳೂದು ಒಂದ. ಮಾಡಸೂದು ಬ್ಯಾರೆ.”

*

ಹುಬ್ಬಳ್ಳಿಯ ಹಳೆಯ ಅರಳೆ ಗಿರಣಿಯ ಮೇಲಂತಸ್ತಿನಲ್ಲಿ ಶಾಹೀನ ನದಾಫಳ ಮೇಜು. ಕೆಳಗೆ ಒಂದು ಕಾಲಕ್ಕೆ ಅವಳ ಅಜ್ಜ ಅರಳೆ ಹಿಂಜುತ್ತಿದ್ದನಂತೆ. ಅವಳು ಈಗ ಅದೇ ಕಟ್ಟಡದಲ್ಲಿ ‘ಹಿತ್ತಲು’ ಆಟದ ನೆರೆಯವರಿಗೆ ನೆನಪು ಕೊಡುವ ವಿಭಾಗ ನೋಡುತ್ತಿದ್ದಳು. ಕೆಲಸಕ್ಕೆ ಸೇರಿ ಹತ್ತು ತಿಂಗಳು.

ಐದನೆಯ ಬಿಡುಗಡೆಗೆ ವಾರ ಇತ್ತು. ಪ್ರತಿ ಬಿಡುಗಡೆಗೆ ಮುಂಚೆ ಯರೆಗೊಪ್ಪದ ಲೆಕ್ಕವನ್ನೆಲ್ಲ ಒಮ್ಮೆ ತೊಳೆಯುವ ಪದ್ಧತಿ. ಮಣಿಗಳು ತಪ್ಪಾಗಿ ಎಣಿಸಿದ ಚೂರುಪಾರು ತೆಗೆದು, ಹೊಸ ಆಟಕ್ಕೆ ಚೊಕ್ಕ ಮಾಹಿತಿ ಕೊಡುವುದು. ಆ ಕೆಲಸಕ್ಕೆ ಅವಳು ಏಳು ವರ್ಷದ ನಕ್ಷೆಯನ್ನು ಪರದೆಯ ಮೇಲೆ ಹರವಿದ್ದಳು. ಮನೆಮನೆಗೂ ಗೆರೆ, ಮುಯ್ಯಿ ಹೆಚ್ಚಿದ್ದಲ್ಲಿ ದಪ್ಪ, ಕಡಿಮೆ ಇದ್ದಲ್ಲಿ ಸಣ್ಣ. ಮೊದಲ ಮೂರು ವರ್ಷ ಊರು ಹೆಣೆದ ಬುಟ್ಟಿಯಂತೆ ಕಾಣುತ್ತಿತ್ತು. ಮೂರನೆಯ ಬಿಡುಗಡೆಯ ಮಾರನೆಯ ದಿನ ಕಾಲುಭಾಗ ಗೆರೆ ಇಲ್ಲ. ನಾಲ್ಕನೆಯದಾದ ಮೇಲೆ ಮತ್ತೆ ಕಾಲುಭಾಗ. ನಡುವೆ, ಒಂದು ಆಗಸ್ಟಿನ ಸಣ್ಣ ತಿದ್ದುಪಡಿಯ ದಿನ ಕಡಿದ ನಾಲ್ಕಾರು ಗೆರೆ ಬಿಟ್ಟರೆ, ಎಲ್ಲೂ ಸವೆದಿಲ್ಲ. ಮೆಟ್ಟಿಲು ಇಳಿದಂತೆ ಇಳಿದಿದೆ.

ಅವಳು ಮುಖ್ಯಸ್ಥ ಅನಿರುದ್ಧ ಇನಾಮದಾರನನ್ನು ಕರೆದು ತೋರಿಸಿದಳು. ಅವನು ಚಹಾ ಕುಡಿಯುತ್ತಲೇ ನೋಡಿದ.

“ಹಳ್ಳಿ ಬದಲಾಗ್ಲಿಕ್ಕತ್ತಾವ ಶಾಹೀನ. ಟೆಂಪೊ ಬಂತು, ಕೂಲಿ ಬಂತು. ಇದರಾಗೇನದ?”

“ಸರ್, ಹಳ್ಳಿ ಬದಲಾಗೂದು ನಮ್ಮ ಬಿಡುಗಡಿ ತಾರೀಖ ನೋಡಿ ಬದಲಾಗ್ತದೇನ್ರಿ?”

ಇನಾಮದಾರ ಲೋಟ ಕೆಳಗಿಟ್ಟ. ಅವನಿಗೆ ಸಿಟ್ಟು ಬಂದಂತೆ ಕಾಣಲಿಲ್ಲ, ಸುಸ್ತಾದಂತೆ ಕಂಡ. “ನಾಕನೇದರಾಗ ಮುನಿಸು ಹಾಕಿದ ಮ್ಯಾಲೆ ಜನ ಆಡೋ ಹೊತ್ತು ದುಪ್ಪಟ್ಟಾತು. ಅಷ್ಟು ಖರೇ ಮುನಿಸು ಜಗತ್ತಿನ್ಯಾಗ ಯಾರ ಆಟದಾಗೂ ಇಲ್ಲ. ಅದು ಹ್ಯಾಂಗ ಬಂತು ಅಂತ ಕೆದಕಬ್ಯಾಡ. ಬಂತಲ್ಲ, ಸಾಕು.”

ಕೆದಕಬೇಡ ಎಂದವನು, ಇಲ್ಲ ಎನ್ನಲಿಲ್ಲ. ಅವನು ಹೋದ ಮೇಲೂ ಶಾಹೀನ ಆ ಮಾತಿನ ಸುತ್ತ ತಿರುಗುತ್ತಿದ್ದಳು. ಗೂಡುಗಳ ಬ್ಯಾಟರಿ ಬದಲಿಸಲು ಯಾರಾದರೂ ಯರೆಗೊಪ್ಪಕ್ಕೆ ಹೋಗಬೇಕಿತ್ತು. ಯಾವಾಗಲೂ ಬೇರೆಯವರು ಹೋಗುತ್ತಿದ್ದರು. ಈ ಸಲ ತಾನು ಹೋಗುತ್ತೇನೆಂದಳು.

*

ಬೋಗುಣಿ ಕವುಚಿದ ಗೂಡು ಊರಿನಲ್ಲಿ ಅದೊಂದೇ. ಶಾಹೀನ ಬ್ಯಾಟರಿಯ ಚೀಲ ಹಿಡಿದು ಪಡಸಾಲೆಯಲ್ಲಿ ನಿಂತಳು.

“ಇದರ ಮ್ಯಾಲ ಯಾಕ ಹಾಕೀರಿ?”

“ಥಂಡಿ ಐತಲ್ಲವಾ, ಹೊಚ್ಚೇನಿ,” ಎಂದಳು ನೀಲಗಂಗವ್ವ. “ಕುಂದರು. ಹೆಸರೇನಂದಿ? ಶಾಹೀನ. ನದಾಫರ ಹುಡುಗಿ ಅಂದಮ್ಯಾಲ ಗಾದಿ ಹೊಲಿಯಾಕ ಬರತೈತೇನ?”

“ಇಲ್ಲ ನೀಲವ್ವಾರ. ಆಟ ಹೊಲಿತೀನಿ.”

“ನಮ್ಮ ತೊಗಲಿಲೆ?”

ಅಡುಗೆ ಮನೆಯಲ್ಲಿ ರೊಟ್ಟಿ ಬಡಿಯುವ ಸದ್ದು ನಿಂತಿತು. ಕಮಲಾಕ್ಷಿ ಬಾಗಿಲಿಗೆ ಬಂದು ನಿಂತಳು. ಶಾಹೀನ ಕುಳಿತಳು. ಎಣ್ಣೆ ಹಚ್ಚಿದ ರೊಟ್ಟಿ, ಕೆಂಪುಚಟ್ನಿ ಎದುರಿಗೆ ಬಂತು. ಅತಿಥಿ ತುತ್ತು ಬಾಯಿಗಿಡುವ ತನಕ ಕಾದು ನೀಲಗಂಗವ್ವ ಕೇಳಿದಳು.

“ಒಂದ ಮಾತ ಕೇಳ್ತೀನಿ, ಸುಳ್ಳ ಹೇಳಬ್ಯಾಡ. ಪಾರವ್ವ ಈ ಗೂಡಿಗೆ ಮುಯ್ಯಿ ಚುಕ್ತಾ ಮಾಡಂತ ಹೇಳಿದ್ಲೇನ? ನಾಕ ವರ್ಷದ ಹಿಂದಿಂದು. ನಿಮ್ಮಲ್ಲಿ ಎಲ್ಲಾ ಇರತೈತೆಲ್ಲ, ನೋಡು.”

ಶಾಹೀನ ಎಡಗೈಯಲ್ಲಿ ಫೋನು ತೆಗೆದು ಹುಡುಕಿದಳು. ಬಹಳ ಹೊತ್ತು ಹಿಡಿಯಲಿಲ್ಲ.

“ಆಕಿ ಏನೂ ಹೇಳಿಲ್ಲ. ನೀವೂ ಹೇಳಿಲ್ಲ. ಅದು ತಾನ ಆಗೇದ. ಬಿಡುಗಡಿ ಮುಂದ ಲೆಕ್ಕ ತೊಳೀತೇವಿ. ಮಣಿ ಒಮ್ಮೊಮ್ಮೆ ಹೆಚ್ಚು ಕಡಿಮಿ ಎಣಸ್ತಾವು. ಅದಕ್ಕ ಅರ್ಧಾ ದಿನಾ ಅಥವಾ ಅದಕಿಂತ ಕಡಿಮಿ ಏನರ ಉಳಿದಿದ್ರ ಅದು ತಪ್ಪಂತ ಹಿಡದು ತಗದು ಬಿಡತೇವಿ. ಆಮ್ಯಾಲ ಚುಕ್ತಾ ಆತಂತ ಗೂಡು ಎರಡೂ ಮನಿಗೆ ಹೇಳತದ. ಅಷ್ಟ. ನಿಮ್ಮಿಬ್ಬರ ನಡುವ ಆವಾಗ ಮೂರ ವರ್ಷದಿಂದ ಬರೇ ಅರ್ಧಾ ದಿನ ಇತ್ತು, ಅದನ್ನ...”

ನೀಲಗಂಗವ್ವ ಎದ್ದು ನಿಂತಿದ್ದಳು.

“ಮೂರ ವರ್ಷದಿಂದ ಅಲ್ಲ. ಇಪ್ಪತ್ತೆಂಟ ವರ್ಷದಿಂದ.”

“ಅಂದ್ರ?”

“ಯವ್ವಾ, ಅರ್ಧಾ ದಿನ ಯಾರೂ ತೀರಸೂದಿಲ್ಲ. ತೀರಸಬಾರದು. ಒಂದ ಸರ್ತಿ ನನ್ನ ಕಡೆ ಉಳೀತೈತಿ, ಒಂದ ಸರ್ತಿ ಆಕಿ ಕಡೆ. ಅದು ಉಳದ್ರ ತಾನ ನಾಳೆ ಮತ್ತ ಕರಿಯೂದು? ಚುಕ್ತಾ ಮಾಡೂದು ಯಾವಾಗ ಗೊತ್ತೇನ? ನಿನ್ನ ಹೊಸ್ತಲಾ ಇನ್ನ ತುಳಿಯೂದಿಲ್ಲ ಅನ್ನೂ ಮುಂದ. ಬಾಯಿಲೆ ಹೇಳಾಕ ನಾಚಿಕಿ, ಅದಕ್ಕ ಕೈಲೆ ಹೇಳತಾರ. ಬಂದು ಅರ್ಧಾ ದಿನ ಗೈದು, ನೀರ ಸೈತ ಕುಡೀದ ಹೋಗಿಬಿಡತಾರ.”

“ಹಂಗಾದ್ರ ಯಾಕಂತ ಒಬ್ಬರಿಗೊಬ್ಬರು ಕೇಳಲಿಲ್ಲೇನ?”

“ಚುಕ್ತಾ ಮಾಡಿದವರ ಬಾಗಲಕ್ಕ ಹೋಗಿ ಯಾಕ ಮಾಡ್ದಿ ಅಂತ ಯಾವಾಕಿ ಕೇಳ್ತಾಳ? ಅದು ಭಿಕ್ಷೆ ಬೇಡಿದಂಗ. ಆಕಿ ಗೂಡಿಗೆ ಹೇಳಿ ಮಾಡಿಸಿದ್ಲು ಅಂತ ನಾ ತಿಳದೆ. ನಾ ಹೇಳಿ ಮಾಡಿಸಿದೆ ಅಂತ ಆಕಿ ತಿಳದಾಳು.”

ಶಾಹೀನಳ ಕೈಯಲ್ಲಿ ರೊಟ್ಟಿ ಹಾಗೇ ಇತ್ತು. ಪರದೆಯ ಮೇಲೆ ತಾನು ಕಂಡ ಮೆಟ್ಟಿಲುಗಳು ಈಗ ಬೇರೆ ರೀತಿ ಕಾಣುತ್ತಿದ್ದವು. ಒಂದೊಂದು ಬಿಡುಗಡೆಗೂ ಅವರು ಈ ಊರಿನ ಮನೆಮನೆಗೆ ಹೋಗಿ, ಹಿತವಾದ ದನಿಯಲ್ಲಿ, ನಿನ್ನ ನೆರೆಯವಳು ನಿನ್ನನ್ನು ಬಿಟ್ಟಳು ಎಂದು ಹೇಳಿ ಬಂದಿದ್ದರು.

“ತಪ್ಪಾಗೇದ ನೀಲವ್ವಾರ.”

“ತಪ್ಪೋ, ಬೇಕಂತ ಮಾಡಿದ್ದೋ?”

ಶಾಹೀನಳಿಗೂ ಅದು ಗೊತ್ತಿರಲಿಲ್ಲ.

*

ಗೊತ್ತು ಮಾಡಿಕೊಳ್ಳಲು ಅವಳಿಗೆ ಒಂದು ದಿನ ಹಿಡಿಯಿತು. ಮೂರನೆಯ ಬಿಡುಗಡೆಯ ಕಡತಗಳಲ್ಲಿ, ಲೆಕ್ಕ ತೊಳೆಯುವ ವಿಧಾನದ ಪಕ್ಕದಲ್ಲಿ, ಯಾರೋ ಒಂದು ಟಿಪ್ಪಣಿ ಬರೆದಿಟ್ಟಿದ್ದರು. ಬಿಡುಗಡೆಯಾಗಿ ಆರು ವಾರದ ಮೇಲಿನ ತಾರೀಖು. “ಚುಕ್ತಾ ಎಂದು ಹೇಳಿದ ಮೇಲೆ ಕೆಲವು ಮನೆಗಳ ನಡುವೆ ಮಾತುಕತೆ ಪೂರ್ತಿ ನಿಂತಿದೆ. ಕಾರಣ ತಿಳಿಯದು. ಊರವರಿಗೆ ಹೇಳಬೇಕೆ?” ಅದರ ಕೆಳಗೆ ಇನ್ನೊಬ್ಬರ ಉತ್ತರ, ಸಹಿಯಿಲ್ಲದೆ: “ಬೇಡ. ಈಗ ಹೇಳಿದರೆ ಮಾಹಿತಿ ಕೆಡುತ್ತದೆ. ನಾಲ್ಕನೆಯದಕ್ಕೆ ಇದು ಬೇಕು.”

ಅವಳು ಅದನ್ನು ಕಾಗದಕ್ಕೆ ಇಳಿಸಿ ಇನಾಮದಾರನ ಮುಂದಿಟ್ಟಳು. ಅವನು ಓದಿದ. ಮೊದಲ ಸಲ ಓದುತ್ತಿರುವವನು ಓದುವಷ್ಟು ಹೊತ್ತು ತೆಗೆದುಕೊಳ್ಳಲಿಲ್ಲ.

“ನಾವು ಯಾರಿಗೂ ಜಗಳಾಡ್ರಿ ಅಂದಿಲ್ಲ,” ಎಂದ.

“ಈ ಸಲ ತೊಳಿಯೂದು ಬ್ಯಾಡ ಸರ್. ಅಷ್ಟ ಕೇಳ್ತೀನಿ.”

“ಆರು ದೇಶದಾಗ ಒಂದ ದಿನ ಬಿಡುಗಡಿ. ತೊಳೀದಿದ್ರ ಹೊಸಾದು ಏಳೂದ ಇಲ್ಲ. ಆಮ್ಯಾಲ ನೋಡೋಣ, ಆರನೇದಕ್ಕ.” ಅವನು ಕಾಗದ ಮಡಚಿ ತನ್ನ ಜೇಬಿನಲ್ಲಿ ಇಟ್ಟುಕೊಂಡ. “ಆರನೇದಕ್ಕ ‘ಮತ್ತೆ ಕೂಡೂದು’ ಅಂತ ಮಾಡೋಣ ಅಂತಿತ್ತು. ನಿನಗ ಸೇರತದ ಅದು.”

ಶಾಹೀನ ಮೇಜಿಗೆ ಮರಳಿ ನೀಲಗಂಗವ್ವನ ಮನೆಗೆ ಫೋನು ಮಾಡಿದಳು. ಟಿಪ್ಪಣಿಯನ್ನು ಇದ್ದದ್ದು ಇದ್ದ ಹಾಗೆ ಓದಿ ಹೇಳಿದಳು. ಇನಾಮದಾರ ಹೇಳಿದ ಕೊನೆಯ ಮಾತನ್ನೂ ಬಿಡಲಿಲ್ಲ.

“ಅಂದ್ರ ಈಗ ನಾ ಪಾರೀ ಜೋಡಿ ಕೂಡಿದ್ರೂ ಅವರಿಗೆ ಬೆಳೀನ,” ಎಂದಳು ನೀಲಗಂಗವ್ವ.

*

ಸಂಕ್ರಮಣಕ್ಕೆ ಎರಡು ದಿನ ಇದ್ದಾಗ ನೀಲಗಂಗವ್ವ ಖಾಲಿ ಬುಟ್ಟಿ ಹಿಡಿದು ಬದು ದಾಟಿದಳು. ಪಾರವ್ವನ ಪಕ್ಕದ ಸಾಲಿಗೆ ಬಗ್ಗಿ ಕಾಯಿ ಬಿಡಿಸತೊಡಗಿದಳು. ನಾಲ್ಕು ಗಿಡ ಆಗುವ ತನಕ ಪಾರವ್ವ ನೋಡಲಿಲ್ಲ. ತೆಳ್ಳನೆಯ ಹೆಂಗಸು, ಎಡಗಾಲಿನ ಮೇಲೆ ಭಾರ ಹಾಕದೆ ನಿಲ್ಲುತ್ತಿದ್ದಳು. ಆಮೇಲೆ ಸೆರಗಿನಿಂದ ಮುಖ ಒರೆಸಿಕೊಂಡಳು.

“ಯಾರ ಕಳಿಸ್ಯಾರ ನಿನ್ನ?”

“ಯಾರೂ ಕಳಿಸಿಲ್ಲ. ನಾನ ಬಂದೇನಿ. ಪಾರೀ, ಆ ಚುಕ್ತಾ ನಾ ಮಾಡಿದ್ದಲ್ಲ. ಪೆಟ್ಟಿಗಿಯಾವ್ರು ಮಾಡಿದ್ದು. ಹುಬ್ಬಳ್ಳಿ ಹುಡುಗಿ ಬಂದು ಎಲ್ಲಾ ಹೇಳಿದ್ಲು.”

“ಹೌದೌದು. ನಾಕ ವರ್ಷ ಹೇಳದ್ದು ಈಗ ಹೇಳಿದ್ಲು. ನಾ ಊರ ಬಿಡೂ ಹೊತ್ತಿಗೆ ಸರೀ.” ಪಾರವ್ವ ನಕ್ಕಳು, ಆ ನಗುವಿನಲ್ಲಿ ಒಂದಿಷ್ಟೂ ಸಲಿಗೆ ಇರಲಿಲ್ಲ. “ಅಂಗಡ್ಯಾಗ ಹುಡುಗೂರು ನನ್ನ ನೋಡಿ ಪುಟ್ಟವ್ವ ಬಂದ್ಲು ಅಂತಾವು. ಬುಟ್ಟಿ ತುಂಬ ಕಾಯಿ ಕೊಡ್ಲೇನು ಆಯಿ, ಹೃದಯ ತುಂಬತೈತಿ ಅಂತಾವು. ನೀನೂ ಅದಕ್ಕ ಬಂದಿ? ಒಂದ ಬುಟ್ಟಿ ಬಿಡಿಸಿ ಕೊಟ್ಟು ನನ್ನ ತಲೀ ಮ್ಯಾಲ ಕೆಂಪಂದು ಮೂಡತೈತೇನಂತ ನೋಡಾಕ?”

“ಪಾರೀ...”

“ನಿನ್ನ ಸಂಚ್ಯಾಗ ಮಣಿ ಐತಿಲ್ಲ?”

ನೀಲಗಂಗವ್ವ ಎಲೆಸಂಚಿ ಮುಟ್ಟಿ ನೋಡಿಕೊಂಡಳು. ಮಣಿ ಇತ್ತು. ತೆಗೆದಿಟ್ಟು ಬರಬೇಕೆಂಬುದು ಅವಳಿಗೆ ಹೊಳೆದಿರಲೇ ಇಲ್ಲ.

“ನಡಿ. ನನ್ನ ಕಾಯಿ ನಾ ಬಿಡಸಕೊಂತೀನಿ. ಕೊಡಾಕ ಬರಬ್ಯಾಡ.”

ಮನೆಗೆ ಬಂದ ನೀಲಗಂಗವ್ವ ಅವತ್ತು ಉಣ್ಣಲಿಲ್ಲ. ಪಾರವ್ವನ ಸಂಶಯದಲ್ಲಿ ತಪ್ಪು ಹುಡುಕಿದಳು, ಸಿಗಲಿಲ್ಲ. ತಾನೇ ಆ ಜಾಗದಲ್ಲಿ ಇದ್ದಿದ್ದರೆ ಹಾಗೇ ಅನ್ನುತ್ತಿದ್ದಳು. ಮಾರನೆಯ ದಿನ ಭೋಗಿಹಬ್ಬ. ಕಮಲಾಕ್ಷಿ ಎಳ್ಳು ಹಚ್ಚಿದ ಸಜ್ಜೆರೊಟ್ಟಿ ಬಡಿಯುತ್ತ ಫೋನನ್ನು ಹಿಟ್ಟಿನ ಡಬ್ಬಿಗೆ ಆನಿಸಿ ಆಟ ನಡೆಸಿದ್ದಳು. ಪುಟ್ಟವ್ವನಿಗೆ ಯಾರೋ ದೂರದ ಊರಿನವರು ಕುಂಬಳಕಾಯಿ ಕೊಟ್ಟರು. ಇನ್ನೊಬ್ಬರು ಸೀರೆ ಕೊಟ್ಟರು.

ನೀಲಗಂಗವ್ವ ನೋಡುತ್ತ ನಿಂತಳು. “ಬರೇ ಕೊಡತಾರಲ್ಲ. ಯಾರೂ ಏನೂ ಕೇಳೂದಿಲ್ಲೇನ ಆಕೀನ್ನ?”

“ಕೇಳೂದಾ? ಕೇಳಾಕ ಗುಂಡೀನ ಇಲ್ರಿ. ಕೊಡಾಕಷ್ಟ ಐತಿ.”

ನೀಲಗಂಗವ್ವ ಮಣಿಯನ್ನು ತೆಗೆದು ಉಪ್ಪಿನ ಗಡಿಗೆಯ ಪಕ್ಕ ಇಟ್ಟಳು. ಮೆಟ್ಟು ಮೆಟ್ಟಿಕೊಂಡು ಪಾರವ್ವನ ಅಂಗಳಕ್ಕೆ ಹೋದಳು. ಪಾರವ್ವ ಹಾಸಿಗೆ ಸುರುಳಿಗೆ ಹಗ್ಗ ಬಿಗಿಯುತ್ತಿದ್ದಳು. ಬಾಗಿಲು ದಾಟದೆ ಅಂಗಳದ ನಡುವೆ ನಿಂತು ನೀಲಗಂಗವ್ವ ಹೇಳಿದಳು:

“ನಾಳೆ ನನಗ ಒಂದ ಆಳ ಬೇಕು.”

ಪಾರವ್ವನ ಕೈಯ ಹಗ್ಗ ಸಡಿಲಾಯಿತು. “ಏನಂದಿ?”

“ಟೆಂಪೊದಾವ್ರು ಹಬ್ಬಂತ ಬರಾಂಗಿಲ್ಲ. ಕೆಳಗಿನ ಪಟ್ಟಿ ಕಾಯಿ ಉದರಾಕತ್ತೈತಿ. ಸೊಸಿಗೆ ಬಗ್ಗಾಕ ಬರೂದಿಲ್ಲ. ನೀ ಬಾ.”

“ನಾಳೆ ಸಂಕ್ರಮಣ!”

“ಗೊತ್ತೈತಿ.”

“ನಾಳೆ ಮಧ್ಯಾಹ್ನ ನಾ ಊರ ಬಿಡಾಕಿ!”

“ಮುಂಜಾನೆ ಖಾಲೀನ ಇರ್ತಿಯಲ್ಲ.”

“ನಿನಗ ನಾಚಿಕಿ ಅನ್ನೂದು ಐತೇನ ನೀಲೀ? ನಾಕ ವರ್ಷ ಮಾರಿ ತೋರಸ್ಲಿಲ್ಲ. ಜ್ವರಾ ಬಂದಾಗ ಸತ್ತೆನೋ ಇದ್ದೆನೋ ನೋಡ್ಲಿಲ್ಲ. ಈಗ ಬಂದು ಹಬ್ಬದ ದಿನ ಗೈಯಾಕ ಬಾ ಅಂತಿ?”

“ಇಲ್ಲ, ನಾಚಿಕಿ ಇಲ್ಲ. ಹೊತ್ತೇರೂದರಾಗ ಬಾ. ತಡಾ ಮಾಡಬ್ಯಾಡ, ಘಾಟು ಏಳತೈತಿ.”

ಹಿಂದಿನಿಂದ ಪಾರವ್ವ ಬೈಯುವುದು ಓಣಿಯ ತಿರುವಿನ ತನಕ ಕೇಳಿಸುತ್ತಿತ್ತು. ನಾಲ್ಕು ವರ್ಷದ್ದು, ಅದರ ಹಿಂದಿನದು, ಮದುವೆಯಾದ ವರ್ಷದ್ದು. ಅಕ್ಕಪಕ್ಕದವರು ಬಾಗಿಲಿಗೆ ಬಂದು ನಿಂತರು. ನೀಲಗಂಗವ್ವ ಹಿಂತಿರುಗಿ ನೋಡಲಿಲ್ಲ.

*

ಸಂಕ್ರಮಣದ ಮುಂಜಾನೆ ಊರಿನ ಗೂಡುಗಳೆಲ್ಲ ಒಂದೇ ಹೊತ್ತಿಗೆ ಮಾತಾಡಿದವು. “ಎಲ್ಲ ಮುಯ್ಯಿ ಚುಕ್ತಾ ಆಗಿದೆ. ಹೊಸ ಆರಂಭಕ್ಕೆ ಶುಭಾಶಯ.” ನೀಲಗಂಗವ್ವ ಆಗಲೇ ಹೊಲದಲ್ಲಿದ್ದಳು. ಬಿಸಿಲು ಬದುವಿನ ಕುಸುಬೆಯ ಮುಳ್ಳಿಗೆ ತಾಗುವ ಹೊತ್ತಿಗೆ ಪಾರವ್ವ ಬಂದಳು. ಹೊಸ ಸೀರೆ ಉಟ್ಟಿದ್ದಳು, ಊರಿಗೆ ಹೊರಟವಳು. ಸೆರಗು ಎತ್ತಿ ಸೊಂಟಕ್ಕೆ ಸಿಕ್ಕಿಸಿ ಕೆಳಗಿನ ಪಟ್ಟಿಗೆ ಇಳಿದಳು.

ನಾಲ್ಕನೆಯ ಸಾಲಿನಲ್ಲಿ ಪಾರವ್ವ ಮುರಿದ ಒಂದು ಟೊಂಗೆಯನ್ನು ಎತ್ತಿ ತೋರಿಸಿದಳು.

“ಇದೇನ ಟೆಂಪೊದ ಹಡಬಿ ಕೆಲಸ? ಗಿಡಾ ಹಾಳ ಮಾಡ್ಯಾರಲ್ಲ.”

“ಹೂಂ.”

“ನೀ ಕಣ್ಣ ಮುಚ್ಚಿದ್ದಿ?”

“ಒಬ್ಬಾಕಿ ಏಳ ಮಂದೀನ ಕಾಯಬೇಕಂದ್ರ?”

“ಕಾಯಾಕ ಬರದಿದ್ರ ಮೆಣಸಿನಕಾಯಿ ಹಾಕಬಾರದು. ಕಡ್ಲಿ ಹಾಕ್ಕೊಂಡ ಕುಂದರಬೇಕು.”

ಬುಟ್ಟಿಗಳು ತುಂಬಿದವು, ಕಣಕ್ಕೆ ಹೋಗಿ ಬಂದವು. ಹೊತ್ತು ನೆತ್ತಿಗೆ ಬಂತು. ಘಾಟಿಗೆ ಇಬ್ಬರೂ ಕೆಮ್ಮಿ ಕಣ್ಣೊರೆಸಿಕೊಂಡರು. ಯಾವ ನೀರು ಯಾವುದರದೆಂದು ಇಬ್ಬರೂ ವಿಚಾರಿಸಲಿಲ್ಲ. ಪಟ್ಟಿಯಲ್ಲಿ ಇನ್ನೂ ಅರ್ಧ ಬಾಕಿ ಇರುವಾಗ ದಾರಿಯಲ್ಲಿ ಟ್ರ್ಯಾಕ್ಟರಿನ ಸದ್ದು ಕೇಳಿತು. ಹಾಸಿಗೆ ಸುರುಳಿ, ಕೊಡಗಳು, ಒರಳು ಎಲ್ಲ ಹೇರಿಕೊಂಡು ಅದು ಹೊಲದ ಅಂಚಿಗೆ ಬಂದು ನಿಂತಿತು. ಚಾಲಕ ಹಾರ್ನು ಒತ್ತಿದ.

ಪಾರವ್ವ ಸೊಂಟ ನೆಟ್ಟಗೆ ಮಾಡಿ ಸೆರಗು ಝಾಡಿಸಿದಳು.

“ಅರ್ಧಾ ದಿನ ಆತು ನಂದು.”

“ಆತು.”

“ಯಾವಾಗ ತೀರಸ್ತಿ?”

ನೀಲಗಂಗವ್ವ ಗಿಡದಿಂದ ಕಣ್ಣೆತ್ತಲಿಲ್ಲ. “ತೀರಸೂದಿಲ್ಲ.”

“ಏನು?”

“ಅಣ್ಣಿಗೇರಿಗೆ ಬಂದು ಕೊಡಾಕ ನನಗ ಆಗೂದಿಲ್ಲ. ಇಲ್ಲಿದ್ರೂ ಕೊಡೂದಿಲ್ಲ. ಏನ ಮಾಡಕೊಂತಿ ಮಾಡಕೋ.”

ಹಾರ್ನು ಮತ್ತೆ ಕೂಗಿತು. ಪಾರವ್ವ ಎಡಗಾಲು ಎಳೆಯುತ್ತ ಹೊಲದ ಅಂಚಿನ ತನಕ ನಡೆದು ಹೋದಳು. ನೀಲಗಂಗವ್ವನ ಬೆರಳು ತೊಟ್ಟಿನ ಮೇಲೆ ಇತ್ತು, ಕಾಯಿ ಕಿತ್ತಿರಲಿಲ್ಲ.

“ಏ ಅಣ್ಣಾ, ಗಾಡಿ ಹಿಂದಕ್ಕ ತಿರಗಸು,” ಪಾರವ್ವನ ದನಿ ನಾಲ್ಕು ಹೊಲಕ್ಕೆ ಕೇಳುವಂತಿತ್ತು. “ಸಾಮಾನ ಮನ್ಯಾಗ ಇಳಸು. ಈ ಕಳ್ಳಿ ಕಡೆ ನಂದ ಅರ್ಧಾ ದಿನ ಐತಿ. ವಸೂಲ ಆಗೂತನಕ ನಾ ಎಲ್ಲೂ ಬರಾಂಗಿಲ್ಲ.”

“ಕೊಡೂದಿಲ್ಲಂದೆ,” ಎಂದಳು ನೀಲಗಂಗವ್ವ, ಮತ್ತು ಕಾಯಿ ಕಿತ್ತಳು.